ರಜೆಯ ದಾರಿ ಮೂಡಲಿಗೂ ಇದೆ

ಡಿಸೆಂಬರ್ ತಿಂಗಳ ಕೊನೆಯ ವಾರ ಬಂತೆಂದರೆ ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿಯುವ ಹೆದ್ದಾರಿಯಲ್ಲಿ ವಾಹನಗಳ ಸಾಲು ಉದ್ದವಾಗುತ್ತದೆ. ಗೋವೆ, ಗೋಕರ್ಣ, ಮುರ್ಡೇಶ್ವರ, ದಾಂಡೇಲಿ. ಎಲ್ಲರ ಮುಖವೂ ಪಡುವಣಕ್ಕೆ. ಇವರಲ್ಲಿ ಬಹುಪಾಲು ಜನ ಕ್ರಿಸ್‌ಮಸ್ ಆಚರಿಸುವವರಲ್ಲ. ರಜೆ ದೊರೆಯಿತು, ಹೊರಟರು. ಹಬ್ಬ ಆಚರಿಸುವವರು ಆ ಹೊತ್ತಿನಲ್ಲಿ ಚರ್ಚಿನಲ್ಲೋ ಬಂಧುಗಳ ಮನೆಯಲ್ಲೋ ಇರುತ್ತಾರೆ. ಬಾಸೆಲ್ ಮಿಷನ್ 1837ರಲ್ಲಿ ಧಾರವಾಡದಲ್ಲಿ ನೆಲೆಯೂರಿದಂದಿನಿಂದ ಈ ಸೀಮೆಗೆ ಕ್ರಿಸ್‌ಮಸ್ ಪರಿಚಿತವೇ. ಮರುದಿನ ಕಾಡಿನಂಚಿನಲ್ಲಿ ಉಳಿಯುವ ಬಾಟಲಿ, ತಟ್ಟೆಗಳಿಗೆ ಆ ಹಬ್ಬವನ್ನು ಹೊಣೆ ಮಾಡುವುದು ಅನ್ಯಾಯ.

ಪ್ರವಾಸಿಗರ ಕಸದ ಬಗ್ಗೆ ಈ ಪುಟದಲ್ಲಿ ಸಾಕಷ್ಟು ಬರೆದಾಗಿದೆ. ಈ ಬಾರಿ ನಮ್ಮದೇ ಪ್ರಯಾಣದ ಮಾತು. ಮಲೆನಾಡಿನ ವಿದ್ಯಾರ್ಥಿಗಳೂ ರಜೆ ಸಿಕ್ಕೊಡನೆ ಕಡಲಿನತ್ತಲೇ ಹೊರಡುತ್ತಾರೆ. ಕಲಘಟಗಿಯಿಂದ ಸುಮಾರು 70 ಕಿ.ಮೀ. ದೂರದ ನವಲಗುಂದವನ್ನು ನೋಡಿದವರು ನಮ್ಮಲ್ಲಿ ಎಷ್ಟು ಜನರಿದ್ದಾರೆ?

ನೋಡಬೇಕಾದ ಕಾಲವೂ ಇದೇ. ಎರೆಭೂಮಿಯಲ್ಲಿ ಕಡಲೆ, ಹಿಂಗಾರಿ ಜೋಳ, ಗೋಧಿ, ಕುಸುಬೆ ನಿಂತಿರುತ್ತವೆ. ಬಿತ್ತನೆಯ ನಂತರ ಈ ಬೆಳೆಗಳಿಗೆ ಮಳೆ ಬೀಳುವುದು ಅಪರೂಪ. ಜಿಗುಟು ಮಣ್ಣು ಹಿಡಿದಿಟ್ಟುಕೊಂಡ ತೇವವೇ ಅವುಗಳ ಆಸರೆ. ಆ ತೇವ ಆರುತ್ತ ಬಂದಂತೆ ನೆಲ ಬಿರಿಯುತ್ತದೆ, ಅಷ್ಟರೊಳಗೆ ಕಾಳು ಕಟ್ಟಬೇಕು. ಚಳಿಯ ಬೆಳಗಿನಲ್ಲಿ ಕಡಲೆ ಗಿಡದ ಎಲೆಯನ್ನು ನಾಲಿಗೆಗೆ ತಾಗಿಸಿದರೆ ಹುಳಿ ಹತ್ತುತ್ತದೆ. ಎಲೆಯ ಸೂಕ್ಷ್ಮ ರೋಮಗಳು ಸ್ರವಿಸುವ ಮ್ಯಾಲಿಕ್ ಮುಂತಾದ ಆಮ್ಲಗಳ ರುಚಿ ಅದು. ರಾತ್ರಿ ಗಿಡಗಳ ಮೇಲೆ ಬಟ್ಟೆ ಹಾಸಿ, ಬೆಳಿಗ್ಗೆ ಹಿಂಡಿ ಆ ಹುಳಿಯನ್ನು ಸಂಗ್ರಹಿಸುವ ರೂಢಿ ಹಿಂದೆ ಇತ್ತು. ಯಲ್ಲಾಪುರದಲ್ಲಿ 2000 ಮಿ.ಮೀ. ಮೀರಿ ಮಳೆ ಕಂಡವರಿಗೆ, 600 ಮಿ.ಮೀ. ಆಸುಪಾಸಿನಲ್ಲಿ ನಡೆಯುವ ಈ ಜಾಣ ಬೇಸಾಯ ಪಠ್ಯಪುಸ್ತಕಕ್ಕಿಂತ ಹೆಚ್ಚಿನದನ್ನು ಕಲಿಸೀತು.

ಅಲ್ಲಿಯ ಹಬ್ಬವೂ ಹೆಚ್ಚುಕಡಿಮೆ ಇದೇ ದಿನಗಳಲ್ಲಿ. ಮಾರ್ಗಶಿರದ ಕೊನೆಗೆ ಬರುವ ಎಳ್ಳ ಅಮಾವಾಸ್ಯೆ 2019ರಲ್ಲಿ ಡಿಸೆಂಬರ್ 26ರಂದು, ಕಂಕಣ ಸೂರ್ಯಗ್ರಹಣದೊಡನೆ ಬಂದಿತ್ತು. 2024ರಲ್ಲಿ ಡಿಸೆಂಬರ್ 30ಕ್ಕೆ ಬಂತು. ಅಂದು ಮನೆಮಂದಿಯೆಲ್ಲ ಚಕ್ಕಡಿಯಲ್ಲೋ ಟ್ರ್ಯಾಕ್ಟರಿನಲ್ಲೋ ಹೊಲಕ್ಕೆ ಹೋಗಿ, ಬನ್ನಿಗಿಡದ ಬುಡದಲ್ಲಿ ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಬೆಳೆಯ ನಡುವೆ ಚರಗ ಚೆಲ್ಲುತ್ತಾರೆ. ಆಮೇಲೆ ಸಜ್ಜಿರೊಟ್ಟಿ, ಎಳ್ಳು ಹೋಳಿಗೆ, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಪುಂಡಿಪಲ್ಯಗಳ ಊಟ. ದಾರಿಯಲ್ಲಿ ಹೋಗುವವರನ್ನೂ ಕರೆದು ಕೂರಿಸುವ ಪದ್ಧತಿ ಇನ್ನೂ ಅಳಿದಿಲ್ಲ. ನಮ್ಮ ಹಬ್ಬವಲ್ಲವೆಂದು ಸಂಕೋಚಪಡಬೇಕಾದ ಕಾರಣವಿಲ್ಲ.

ಆದರೆ ಊಟಕ್ಕಾಗಿಯೇ ಹೋಗಬೇಕೆಂದು ಹೇಳುತ್ತಿಲ್ಲ. ಧಾರವಾಡ ಜಿಲ್ಲೆಯ ನೀರು ಎರಡು ಕಡಲುಗಳಿಗೆ ಹರಿಯುತ್ತದೆ. ಕಲಘಟಗಿಯ ಹಳ್ಳಗಳು ಬೇಡ್ತಿ ಸೇರಿ, ಗಂಗಾವಳಿಯಾಗಿ ಪಡುವಣಕ್ಕೆ ಇಳಿಯುತ್ತವೆ; ಕುಂದಗೋಳ, ನವಲಗುಂದಗಳ ನೀರು ಬೆಣ್ಣೆಹಳ್ಳದ ಮೂಲಕ ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ. ಬೇಡ್ತಿ ಜಲವಿದ್ಯುತ್ ಯೋಜನೆಯನ್ನು 1980ರ ದಶಕದ ಆರಂಭದಲ್ಲಿ ತಡೆದ ಹೋರಾಟವನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ಅದೇ ಕಾಲದಲ್ಲಿ, 1980ರ ಜುಲೈ 21ರಂದು, ಮಲಪ್ರಭಾ ಅಚ್ಚುಕಟ್ಟಿನ ಅಭಿವೃದ್ಧಿ ಕರದ ವಿರುದ್ಧ ಎದ್ದ ರೈತರ ಮೇಲೆ ನವಲಗುಂದದಲ್ಲಿ ಗುಂಡು ಹಾರಿತು. ಕಾಲುವೆ ಬಂದ ಕಡೆ ಎರೆಭೂಮಿ ಸವಳು-ಜವಳಾಯಿತು, ಬಾರದ ಕಡೆ ಕಾಯುವುದೇ ಆಯಿತು. ನಮ್ಮ ಸಭೆಗಳಲ್ಲಿ ಆ ದಿನದ ಪ್ರಸ್ತಾಪವನ್ನು ನಾನಂತೂ ಕೇಳಿಲ್ಲ.

ಮಹದಾಯಿ ನ್ಯಾಯಾಧಿಕರಣ 2018ರ ಆಗಸ್ಟ್ 14ರಂದು ಕರ್ನಾಟಕಕ್ಕೆ ಹಂಚಿದ 13.42 ಟಿ.ಎಂ.ಸಿ.ಯಲ್ಲಿ ಮಲಪ್ರಭೆಗೆ ತಿರುಗಿಸಬಹುದಾದದ್ದು 3.9 ಟಿ.ಎಂ.ಸಿ. ಕಣಕುಂಬಿಯ ಕಾಡಿನ ಪರವಾಗಿ ನಾವು ಎತ್ತಿರುವ ಆಕ್ಷೇಪಗಳಲ್ಲಿ ಒಂದನ್ನೂ ಹಿಂತೆಗೆದುಕೊಳ್ಳಬೇಕೆಂದು ನನಗೆ ಅನ್ನಿಸುವುದಿಲ್ಲ. ಆದರೆ ಆ ನೀರಿಗಾಗಿ ವರ್ಷಗಟ್ಟಲೆ ಧರಣಿ ಕುಳಿತವರ, 2016ರ ಜುಲೈ ಕೊನೆಯಲ್ಲಿ ಯಮನೂರಿನಲ್ಲಿ ಲಾಠಿಯೇಟು ತಿಂದವರ ಮುಖ ನೋಡದೆ ಆಡುವ ಆಕ್ಷೇಪ ಅವರ ಕಿವಿಗೆ ತೋಟಿಗರ ಸ್ವಾರ್ಥವಾಗಿಯೇ ಕೇಳಿಸುತ್ತದೆ. ಕೃಷಿಹೊಂಡ, ಬದು, ಕೆರೆಯ ಹೂಳು, ಬೆಣ್ಣೆಹಳ್ಳದ ನೆರೆನೀರು ಇವುಗಳ ಬಗ್ಗೆ ನಾವು ಸೂಚಿಸುವ ಪರ್ಯಾಯಗಳೂ ಅವರ ಹೊಲದ ಬದುವಿನ ಮೇಲೆ ಕುಳಿತು ಚರ್ಚಿಸಬೇಕಾದವು.

ಹೋಗುವವರಿಗೆ ಒಂದೆರಡು ಮಾತು. ನಾಲ್ಕೂ ಊರುಗಳಿಗೆ ಹುಬ್ಬಳ್ಳಿಯಿಂದ ಬಸ್ಸುಗಳಿವೆ; ಕಾರು ಬೇಕಿಲ್ಲ. ನೀರಿನ ತಂಬಿಗೆ, ತಟ್ಟೆ ನಿಮ್ಮವೇ ಇರಲಿ. ಹೂ-ಕಾಯಿ ಬಿಡುವ ಕಾಲವಾದ್ದರಿಂದ ಕೇಳದೆ ಕಡಲೆ ಹೊಲಕ್ಕೆ ಇಳಿಯಬಾರದು. ಅಣ್ಣಿಗೇರಿಯ ಅಮೃತೇಶ್ವರ ಗುಡಿಯನ್ನೂ, ನವಲಗುಂದದಲ್ಲಿ ಹೆಂಗಸರು ಮಗ್ಗದ ಮೇಲೆ ನೇಯುವ ಜಮಖಾನೆಗಳನ್ನೂ ನೋಡಿ ಬನ್ನಿ. ಮಹದಾಯಿಯ ಮಾತು ಬಂದೇ ಬರುತ್ತದೆ. ಆಗ ಮೊದಲು ಅವರು ಹೇಳುವುದನ್ನು ಪೂರ್ತಿ ಕೇಳಿ, ಬಂದು ಈ ಪತ್ರಿಕೆಗೆ ಬರೆಯಿರಿ.