ಉಕ್ಕಿನ ಗಾಡಿ ಕೊಟ್ಟರೆ ಸಾಕೆ, ದಾರಿ ಕಾಯುವವರು ಬೇಡವೆ?

ಪೆದ್ದಕಡುಬೂರು: ಮಗ ಸಿಆರ್‌ಪಿಎಫ್‌ನಲ್ಲಿರುವ ಮನೆಯಲ್ಲಿ ಟಿವಿಯವರು 'ನೆಲಬಾಂಬ್ ಸ್ಫೋಟ' ಎಂದರೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಆ ಮನೆಯವರ ಮೊದಲ ಪ್ರಶ್ನೆ: ಹುಡುಗರು ಯಾವ ಗಾಡಿಯಲ್ಲಿದ್ದರು?

ಗುಂಡು, ನೆಲಬಾಂಬ್ ಎರಡನ್ನೂ ತಡೆಯುವ ಗಾಡಿ ಹೊಸದೇನಲ್ಲ. ಹೈದರಾಬಾದ್ ಬಳಿಯ ಮೇದಕ್ ಶಸ್ತ್ರಾಸ್ತ್ರ ಕಾರ್ಖಾನೆ 'ಆದಿತ್ಯ' ಎಂಬ ಗಾಡಿಯನ್ನು ಬಹಳ ಹಿಂದೆಯೇ ತಯಾರಿಸಿತು. ಇದಕ್ಕೆ ಮಾದರಿ ದಕ್ಷಿಣ ಆಫ್ರಿಕಾದ 'ಕ್ಯಾಸ್ಪಿರ್'. ಗಾಡಿಯ ತಳ ದೋಣಿಯಂತೆ ಚೂಪಾಗಿರುತ್ತದೆ. ಕೆಳಗೆ ಬಾಂಬ್ ಸಿಡಿದರೆ ಅದರ ಹೊಡೆತ ಎರಡೂ ಬದಿಗೆ ಸರಿದುಹೋಗಿ, ಒಳಗಿದ್ದವರು ಉಳಿಯುತ್ತಾರೆ. ಆದರೆ ಎಲ್ಲಕ್ಕೂ ಒಂದು ಮಿತಿ ಇದೆಯಲ್ಲ?

ಆ ಮಿತಿ ನಕ್ಸಲೀಯರಿಗೂ ತಿಳಿದಿತ್ತು. ಅವರು ಮದ್ದಿನ ತೂಕ ಹೆಚ್ಚಿಸಿದರು. 2005ರ ಸೆಪ್ಟೆಂಬರ್ 3ರಂದು ಛತ್ತೀಸ್‌ಗಢದ ಬಿಜಾಪುರ ಬಳಿ (ಇದು ನಮ್ಮ ಬಿಜಾಪುರವಲ್ಲ) ಇಂಥದೇ ಗಾಡಿ ಸಿಡಿದು 24 ಮಂದಿ ಸತ್ತರು. ವೀರಪ್ಪನ್ ಕಾರ್ಯಾಚರಣೆ ನಡೆಸಿದ ಕೆ. ವಿಜಯಕುಮಾರ್ ಸಿಆರ್‌ಪಿಎಫ್ ಮುಖ್ಯಸ್ಥರಾಗಿದ್ದಾಗ, 2012ರಲ್ಲಿ, ಈ ಗಾಡಿಗಳು ಚಕ್ರ ಹಚ್ಚಿದ ಶವಪೆಟ್ಟಿಗೆಗಳಾಗಿವೆ ಎಂದೇ ಹೇಳಿದ್ದರು. 2018ರ ಮಾರ್ಚ್ 13ರಂದು ಸುಕ್ಮಾದಲ್ಲಿ ಮತ್ತೊಂದು ಗಾಡಿ ಸಿಡಿಯಿತು. ಒಂಬತ್ತು ಜವಾನರು ಬಲಿಯಾದರು.

ಹಾಗಾದರೆ ಈ ಗಾಡಿಯೇ ಬೇಡವೆ? ಹಾಗೂ ಹೇಳುವಂತಿಲ್ಲ. 2019ರ ಮೇ 1ರಂದು ಗಡಚಿರೋಲಿಯಲ್ಲಿ ಸಾಮಾನ್ಯ ಗಾಡಿಯಲ್ಲಿ ಹೊರಟ 15 ಪೊಲೀಸರು, ಒಬ್ಬ ಚಾಲಕ ಸತ್ತರು. 2025ರ ಜನವರಿ 6ರಂದು ಛತ್ತೀಸ್‌ಗಢದ ಅದೇ ಬಿಜಾಪುರ ಜಿಲ್ಲೆಯಲ್ಲಿ, ಕಾರ್ಯಾಚರಣೆ ಮುಗಿಸಿ ಮರಳುತ್ತಿದ್ದ ಎಂಟು ಜವಾನರು, ಅವರ ಚಾಲಕ ಹೀಗೆಯೇ ಹೋದರು. ಗುಂಡಿಗೆ, ಸಣ್ಣ ಬಾಂಬಿಗೆ ಉಕ್ಕಿನ ಗೋಡೆ ಅಡ್ಡ ನಿಲ್ಲುತ್ತದೆ. ತಗಡಿನ ಗೋಡೆ ಅದಕ್ಕೂ ನಿಲ್ಲದು.

ನಮ್ಮ ಗಡಿಯದೇ ಒಂದು ಪಾಠವಿದೆ. 2005ರ ಫೆಬ್ರವರಿಯಲ್ಲಿ ಪಾವಗಡ ತಾಲೂಕಿನ ವೆಂಕಟಮ್ಮನಹಳ್ಳಿಯಲ್ಲಿ, ಶಾಲೆಯೊಳಗೆ ಬೀಡುಬಿಟ್ಟಿದ್ದ ಮೀಸಲು ಪೊಲೀಸರ ಮೇಲೆ ನಕ್ಸಲೀಯರು ರಾತ್ರಿ ಮುಗಿಬಿದ್ದರು. ಏಳು ಪೊಲೀಸರು, ಒಬ್ಬ ನಾಗರಿಕ ಸತ್ತರು. ಎಂಥ ಗಾಡಿ ಹೊರಗೆ ನಿಂತಿದ್ದರೂ ಒಳಗೆ ಮಲಗಿದ್ದವರಿಗೆ ಏನು ಪ್ರಯೋಜನ? ಅಲ್ಲಿ ಬೇಕಿದ್ದದ್ದು ಕಾವಲು ಮತ್ತು ಮುನ್ಸೂಚನೆ.

ಈಗ ಇನ್ನೂ ಗಟ್ಟಿ ಗಾಡಿಗಳು ಬಂದಿವೆ. ಪುಣೆಯ ಭಾರತ್ ಫೋರ್ಜ್ ಸಮೂಹದ 'ಕಲ್ಯಾಣಿ ಎಂ4' ಗಾಡಿಗೆ 2021ರಲ್ಲಿ ಸೇನೆ 177.95 ಕೋಟಿ ರೂಪಾಯಿಯ ಬೇಡಿಕೆ ಕೊಟ್ಟಿತು. 50 ಕಿಲೋ ಸ್ಫೋಟಕವನ್ನೂ ತಡೆಯಬಲ್ಲದು ಎಂಬುದು ತಯಾರಕರ ಮಾತು. ನಾಳೆ ಹೂಳುವವನು 60 ಕಿಲೋ ಹೂಳಿದರೆ? ಈ ಪೈಪೋಟಿಯಲ್ಲಿ ಉಕ್ಕು ಯಾವಾಗಲೂ ಒಂದು ಹೆಜ್ಜೆ ಹಿಂದೆ.

ಅದಕ್ಕೇ ಗಾಡಿ ಹೊರಡುವ ಮುಂಚೆ ದಾರಿ, ಸೇತುವೆ, ಮೋರಿ ತಪಾಸಣೆ ಆಗಲೇಬೇಕು. ಹೋದ ದಾರಿಯಲ್ಲೇ ಮರಳಬಾರದು. ಗಾಡಿ ಕೊಂಡ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ, ಮೋರಿ ನೋಡಿದ ಸುದ್ದಿ ಎಲ್ಲೂ ಬರುವುದಿಲ್ಲ. ಜವಾನ ಮನೆಗೆ ಬರುವುದು ಮಾತ್ರ ಆ ಎರಡನೆಯದರಿಂದಲೇ.