ಎದೆನೋವಿಗೆ ದಾವಣಗೆರೆ ದೂರ, ಮಾತ್ರೆಯಾದರೂ ಹತ್ತಿರವಿರಲಿ

2025ರ ಜೂನ್-ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ಸುದ್ದಿಯಾದಾಗ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಜನ ಬೆಳ್ಳಂಬೆಳಿಗ್ಗೆಯೇ ಸಾಲುಗಟ್ಟಿದರು. ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ, ಸಾವುಗಳಲ್ಲಿ ಹಠಾತ್ ಏರಿಕೆಯೇನೂ ಆಗಿಲ್ಲ, ಹಲವರಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನದಂಥ ಗೊತ್ತಿರುವ ಕಾರಣಗಳೇ ಇದ್ದವು ಎಂದು ವರದಿ ಕೊಟ್ಟ ಮೇಲೆ ಗದ್ದಲ ತಣ್ಣಗಾಯಿತು. ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯನ್ನು ಬಿಟ್ಟರೆ ಉಳಿಯುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಅಂಥ ಸಾಲು ನಿಲ್ಲುವ ಪ್ರಶ್ನೆಯೇ ಇಲ್ಲ, ನಿಲ್ಲಲು ಅಂಥ ಆಸ್ಪತ್ರೆ ಬೇಕಲ್ಲ. ಜಯದೇವ ಇರುವುದು ಬೆಂಗಳೂರು, ಮೈಸೂರು, ಕಲಬುರಗಿಯಲ್ಲಿ. ಇಲ್ಲಿಯವರಿಗೆ ರಾತ್ರಿ ಎದೆ ಹಿಡಿದುಕೊಂಡರೆ ಮೊದಲು 'ಗ್ಯಾಸ್' ಎಂದು ಸೋಡಾ ಕುಡಿಸುತ್ತಾರೆ, ಆಮೇಲೆ ತಾಲ್ಲೂಕು ಆಸ್ಪತ್ರೆ, ಆಮೇಲೆ ದಾವಣಗೆರೆಯೋ ಬಳ್ಳಾರಿಯೋ ಹುಬ್ಬಳ್ಳಿಯೋ. ಹರಪನಹಳ್ಳಿ 1997ರಿಂದೀಚೆಗೆ ಬಳ್ಳಾರಿಯಿಂದ ದಾವಣಗೆರೆಗೆ, ದಾವಣಗೆರೆಯಿಂದ ಮತ್ತೆ ಬಳ್ಳಾರಿಗೆ, ಅಲ್ಲಿಂದ ವಿಜಯನಗರಕ್ಕೆ ಜಿಲ್ಲೆ ಬದಲಿಸಿತು. ಎದೆನೋವಿನ ರೋಗಿ ಮಾತ್ರ ಅಂದೂ ದಾವಣಗೆರೆಗೆ ಹೋಗುತ್ತಿದ್ದ, ಇಂದೂ ಹೋಗುತ್ತಾನೆ. ದೊಡ್ಡಾಸ್ಪತ್ರೆ ದೂರವಿರುವ ಕಡೆ ಕಾಯಿಲೆ ಬಾರದಂತೆ ನೋಡಿಕೊಳ್ಳುವುದಕ್ಕೆ ಪಟ್ಟಣಕ್ಕಿಂತ ಹೆಚ್ಚು ಬೆಲೆ. ಹಾಗಾಗಿ ಕೊಲೆಸ್ಟ್ರಾಲ್ ಪರೀಕ್ಷೆ ಮತ್ತು ಅದರ ಮಾತ್ರೆ ಬೆಂಗಳೂರಿನವರಿಗಿಂತ ಮೊದಲು ಈ ಐದು ತಾಲ್ಲೂಕಿನವರ ಮನೆ ಬಾಗಿಲಿಗೆ ಬರಬೇಕೆಂಬುದು ನನ್ನ ವಾದ. ಇದಕ್ಕೆ ಅಡ್ಡ ಬರುತ್ತಿರುವುದು ಹಣಕ್ಕಿಂತ ಹೆಚ್ಚಾಗಿ 'ಪಥ್ಯವೋ ಮಾತ್ರೆಯೋ' ಎಂಬ ಒಂದು ಹುಸಿ ಜಗಳ.

ಸರ್ಕಾರ ಕೈಕಟ್ಟಿ ಕೂತಿದೆ ಎನ್ನಲಾಗದು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ಬಂದ ಹೃದಯ ಜ್ಯೋತಿ ಯೋಜನೆ, ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ತಜ್ಞರ ಸಲಹೆ ಪಡೆದು, ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಪುಕ್ಕಟೆ ಕೊಡುವ ಏರ್ಪಾಡು ಮಾಡಿತು. ಹೊತ್ತಿಗೆ ಸರಿಯಾಗಿ ಬಂದವರ ಜೀವ ಉಳಿಸುವ ಕೆಲಸ ಇದು. ಆದರೆ ಆ ಹೆಪ್ಪು ಕಟ್ಟುವುದು ಒಂದೇ ರಾತ್ರಿಯಲ್ಲಾದರೂ, ಅದಕ್ಕೆ ಜಾಗ ಮಾಡಿಕೊಡುವ ಕೊಬ್ಬಿನ ಪದರ ರಕ್ತನಾಳದ ಗೋಡೆಯಲ್ಲಿ ಇಪ್ಪತ್ತು ಮೂವತ್ತು ವರ್ಷ ಸದ್ದಿಲ್ಲದೆ ಬೆಳೆದಿರುತ್ತದೆ. ಬೆಳೆಸುವುದರಲ್ಲಿ ಮುಖ್ಯವಾದದ್ದು ಎಲ್‌ಡಿಎಲ್ ಕೊಲೆಸ್ಟ್ರಾಲ್. ಇದಕ್ಕೆ ನೋವಿಲ್ಲ, ತಲೆಸುತ್ತಿಲ್ಲ, ಸುಸ್ತಿಲ್ಲ. ರಕ್ತ ತೆಗೆಸದೆ ಗೊತ್ತಾಗುವ ದಾರಿಯೇ ಇಲ್ಲ. ಆದರೂ 30 ದಾಟಿದವರಿಗೆಂದು ದೇಶದಾದ್ಯಂತ ನಡೆಯುವ ತಪಾಸಣೆಯಲ್ಲಿ ಇರುವುದು ಬಿಪಿ, ಶುಗರ್, ಬಾಯಿ-ಸ್ತನ-ಗರ್ಭಕಂಠದ ಕ್ಯಾನ್ಸರ್. ಕೊಲೆಸ್ಟ್ರಾಲ್ ಅದರಲ್ಲಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೂ ಮನೆಮನೆಗೆ ಹೋಗಿ ಬಿಪಿ, ಶುಗರ್ ಅಳೆಯಿತು, ಕೊಲೆಸ್ಟ್ರಾಲ್ ಅಳೆಯಲಿಲ್ಲ. ಅಳೆಯದ ಕಾಯಿಲೆಗೆ ಆಯವ್ಯಯದಲ್ಲಿ ಹಣ ಹುಟ್ಟುವುದಿಲ್ಲ.

ಪಥ್ಯದ ಪಕ್ಷದವರ ಮಾತಿನಲ್ಲಿ ಬಹಳಷ್ಟು ನಿಜವಿದೆ, ಅದನ್ನು ಮೊದಲು ಒಪ್ಪಿಕೊಳ್ಳಬೇಕು. ಈ ಸೀಮೆಯ ಊಟ ಒಂದು ತಲೆಮಾರಿನೊಳಗೆ ಕಣ್ಣೆದುರೇ ಬದಲಾಯಿತು. ಮಸಾರಿ ಹೊಲದ ನವಣೆ, ಸಜ್ಜೆಗಳ ಜಾಗಕ್ಕೆ ಮೆಕ್ಕೆಜೋಳ ಬಂತು, ಅದು ಲಾರಿ ಹತ್ತಿ ಕೋಳಿಯ ಮೇವಾಗಲು ಹೋಗುತ್ತದೆ. ಬೆಳೆದವರ ಮನೆಯಲ್ಲಿ ಎರಡು ಹೊತ್ತೂ ಪಡಿತರದ ಅನ್ನ. ಹಸಿವು ನೀಗಿಸಿದ ಅನ್ನಭಾಗ್ಯವನ್ನು ಹಳಿಯುವುದು ಹೊಟ್ಟೆ ತುಂಬಿದವರ ಚಟ, ಆ ಸಾಲಿಗೆ ನಾನು ಸೇರುವುದಿಲ್ಲ. ಆದರೆ ರೊಟ್ಟಿ, ಕಾಳುಪಲ್ಯ ಇದ್ದ ತಟ್ಟೆಯಲ್ಲಿ ಪಾಲಿಶ್ ಅಕ್ಕಿಯೇ ರಾಶಿಯಾದರೆ ರಕ್ತದಲ್ಲಿ ಟ್ರೈಗ್ಲಿಸರೈಡ್ ಏರುತ್ತದೆ, ಒಳ್ಳೆಯದೆನ್ನುವ ಎಚ್‌ಡಿಎಲ್ ಇಳಿಯುತ್ತದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಲೆಕ್ಕದಲ್ಲಿ ದೇಶದ ವಯಸ್ಕರಲ್ಲಿ ಶೇ 24ರಷ್ಟು ಜನರಿಗೆ ಕೊಲೆಸ್ಟ್ರಾಲ್ ಹೆಚ್ಚು. ರಕ್ತದ ಕೊಬ್ಬಿನಲ್ಲಿ ಒಂದಲ್ಲ ಒಂದು ಏರುಪೇರು ಇರುವವರೋ ಶೇ 81. ಇನ್ನು ಎಣ್ಣೆ. ಸಂಜೆ ಬಸ್ ಸ್ಟ್ಯಾಂಡಿನ ಮಗ್ಗುಲಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿಯ ಗಾಡಿ ನೋಡಿ. ಮಂಡಕ್ಕಿ ಅಂಥ ಅಪರಾಧಿಯಲ್ಲ: ತೊಯ್ಸಿ ಹಿಂಡಿದ ಮಂಡಕ್ಕಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಪುಟಾಣಿ ಹಿಟ್ಟು, ಮೇಲೆ ಲಿಂಬೆ. ಪಕ್ಕದ ಬಾಣಲೆಯಲ್ಲಿ ಕಡಲೆಹಿಟ್ಟಿನಲ್ಲಿ ಅದ್ದಿದ ಮಿರ್ಚಿ ಬೇಯುವ ಎಣ್ಣೆ ನಿನ್ನೆಯದು, ಕಪ್ಪಗಾದಷ್ಟೂ ಮೇಲೆ ಹೊಸದು ಸುರಿಯುತ್ತಾರೆ. ಅದು ಹೆಚ್ಚಾಗಿ ಪಾಮ್ ಎಣ್ಣೆ. ಪಾಮ್ ಎಣ್ಣೆಯಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು, ಎಲ್‌ಡಿಎಲ್ ಏರಿಸುವ ಸ್ಯಾಚುರೇಟೆಡ್ ಕೊಬ್ಬು. ಶೇಂಗಾ ಎಣ್ಣೆಯಲ್ಲಿ ಅದು ಐದನೇ ಒಂದು ಭಾಗದಷ್ಟು. ಶೇಂಗಾ ಬೆಳೆಯುವ ನೆಲದಲ್ಲಿ ಹಡಗಿನಲ್ಲಿ ಬಂದ ಎಣ್ಣೆಯಿಂದ ಬಜ್ಜಿ ಕರಿಯುತ್ತೇವೆ, ಅಗ್ಗವೆಂಬ ಒಂದೇ ಕಾರಣಕ್ಕೆ. ಮೈಮುರಿದು ದುಡಿಯುತ್ತಿದ್ದ ಕಾಲದಲ್ಲಿ ಇದೂ ಸ್ವಲ್ಪ ಕರಗುತ್ತಿತ್ತೇನೋ. ಈಗ ಬಿತ್ತನೆಗೆ ಟ್ರ್ಯಾಕ್ಟರು, ಒಕ್ಕಣೆಗೆ ಯಂತ್ರ, ಹೊಲಕ್ಕೆ ಹೋಗಲು ಬೈಕು.

ಹಾಗಾದರೆ ಊಟ ಬದಲಿಸಿದರೆ ಸಾಕಲ್ಲ ಎಂಬ ಪ್ರಶ್ನೆ ಸಹಜ. ಬದಲಿಸಲು ಓಟ್ಸ್, ಆಲಿವ್ ಎಣ್ಣೆ ಬೇಕಿಲ್ಲ ಎಂಬುದೂ ನಿಜ: ಜೋಳದ ರೊಟ್ಟಿ, ಹೆಸರುಕಾಳು, ಹುರುಳಿ, ಪುಂಡಿಪಲ್ಯ, ಅಗಸಿ ಚಟ್ನಿಪುಡಿ, ಒಂದು ಹಿಡಿ ಶೇಂಗಾ ಇವೆಲ್ಲ ಹೃದಯತಜ್ಞರು ಹೇಳುವ ಪಟ್ಟಿಯಲ್ಲೇ ಕೂರುತ್ತವೆ. ಆದರೆ ಇದರ ಶಕ್ತಿಗೊಂದು ಮಿತಿಯಿದೆ. ದೇಹದ ಕೊಲೆಸ್ಟ್ರಾಲಿನ ಬಹುಪಾಲು ತಟ್ಟೆಯಿಂದ ಬರುವುದಿಲ್ಲ, ದೇಹವೇ ತಯಾರಿಸಿಕೊಳ್ಳುತ್ತದೆ, ಅದರಲ್ಲಿ ಲಿವರ್‌ನ ಪಾಲು ದೊಡ್ಡದು. ಸಾಮಾನ್ಯವಾಗಿ ಜನ ಪಾಲಿಸಬಲ್ಲ ಪಥ್ಯದಿಂದ ಎಲ್‌ಡಿಎಲ್ ಶೇ 5ರಿಂದ 15ರಷ್ಟು ಇಳಿಯುತ್ತದೆ. ಸ್ಟಾಟಿನ್ ಎಂಬ ಕೊಲೆಸ್ಟ್ರಾಲ್ ಮಾತ್ರೆಯಿಂದ, ಪ್ರಮಾಣಕ್ಕೆ ತಕ್ಕಂತೆ, ಶೇ 30ರಿಂದ 50 ಅಥವಾ ಇನ್ನೂ ಹೆಚ್ಚು. ಎಲ್‌ಡಿಎಲ್ ಡೆಸಿಲೀಟರ್‌ಗೆ 160 ಮಿಲಿಗ್ರಾಂ ಇರುವ, ಬೇರೆ ತೊಂದರೆಯಿಲ್ಲದ ಮೂವತ್ತೈದರ ಯುವಕ ಮೊದಲು ಮಿರ್ಚಿ, ಬೀಡಿ ಬಿಟ್ಟು ಕೆಲವು ತಿಂಗಳು ನೋಡಲಿ, ಅವಸರವಿಲ್ಲ. ಆದರೆ ಒಮ್ಮೆ ಹೃದಯಾಘಾತ ಆದವರಿಗೆ ಎಲ್‌ಡಿಎಲ್ 55ಕ್ಕಿಂತ ಕೆಳಗಿರಬೇಕು, ಹೆಚ್ಚು ಅಪಾಯವಿರುವ ಮಧುಮೇಹಿ, ಬಿಪಿ ರೋಗಿಗಳಿಗೆ 70ಕ್ಕಿಂತ ಕೆಳಗೆ ಎಂದು ಭಾರತೀಯ ಹೃದ್ರೋಗ ತಜ್ಞರ ಸಂಘ 2024ರ ಜುಲೈನಲ್ಲಿ ಹೊರತಂದ ಮಾರ್ಗಸೂಚಿ ಹೇಳುತ್ತದೆ. 140ರಿಂದ 55ಕ್ಕೆ ರೊಟ್ಟಿ-ಪಲ್ಯದಿಂದ ಇಳಿಯಲಾಗದು. ಎಲ್‌ಡಿಎಲ್ ಸುಮಾರು 39 ಮಿಲಿಗ್ರಾಂ ಇಳಿದರೆ ಹೃದಯಾಘಾತ, ಪಾರ್ಶ್ವವಾಯುವಿನಂಥ ದೊಡ್ಡ ಆಘಾತಗಳು ಐದನೇ ಒಂದರಷ್ಟು ಕಡಿಮೆಯಾಗುತ್ತವೆಂಬುದು ಲಕ್ಷಾಂತರ ಜನರ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಸಿಕ್ಕ ಲೆಕ್ಕ. ವೈದ್ಯಶಾಸ್ತ್ರದಲ್ಲಿ ಇಷ್ಟು ಸಲ ಒರೆಗೆ ಹಚ್ಚಿಸಿಕೊಂಡ ಔಷಧಿಗಳು ಬೆರಳೆಣಿಕೆಯಷ್ಟು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ: 'ಇಂಗ್ಲಿಷ್ ಮಾತ್ರೆ, ಬರೀ ಕೆಮಿಕಲ್, ಲಿವರ್ ತಿನ್ನುತ್ತದೆ.' ಸ್ಟಾಟಿನ್ ಹುಟ್ಟಿದ್ದು ಅಕ್ಕಿಯ ಮೇಲಿನ ಬೂಷ್ಟಿನಿಂದ. ಜಪಾನಿನ ಅಕಿರಾ ಎಂಡೊ ಸುಮಾರು ಆರು ಸಾವಿರ ಶಿಲೀಂಧ್ರಗಳನ್ನು ಜಾಲಾಡಿ, 1973ರಲ್ಲಿ, ಕ್ಯೋಟೊ ನಗರದ ಧಾನ್ಯದಂಗಡಿಯೊಂದರ ಅಕ್ಕಿಯಲ್ಲಿ ಬೆಳೆದಿದ್ದ ಬೂಷ್ಟಿನಲ್ಲಿ ಮೊದಲ ಸ್ಟಾಟಿನ್ ಕಂಡುಹಿಡಿದರು. ಹಾಗೆಂದ ಮಾತ್ರಕ್ಕೆ ಅದು ಒಳ್ಳೆಯದಾಗಿಬಿಡುವುದಿಲ್ಲ. ಸಹಜವಾಗಿ ಹುಟ್ಟುವ ವಿಷಗಳೂ ಸಾಕಷ್ಟಿವೆ. ತೀರ್ಮಾನವಾಗಬೇಕಾದ್ದು ಪ್ರಯೋಗದಿಂದ. ಲಿವರ್‌ಗೆ ಗಂಭೀರ ಪೆಟ್ಟು ಬೀಳುವುದು ಬಲು ಅಪರೂಪ. ಮೈಕೈ ನೋವಿನ ದೂರು ಬಹಳ, ಅದನ್ನು ಉಡಾಫೆಯಿಂದ ತಳ್ಳಿಹಾಕುವ ಡಾಕ್ಟರೂ ತಪ್ಪು ಮಾಡುತ್ತಾರೆ, ಆದರೆ 2022ರಲ್ಲಿ ದೊಡ್ಡ ಪ್ರಯೋಗಗಳನ್ನೆಲ್ಲ ಕೂಡಿಸಿ ನೋಡಿದಾಗ ಸ್ಟಾಟಿನ್ ನುಂಗುವವರು ಹೇಳುವ ಸ್ನಾಯುನೋವಿನಲ್ಲಿ ಶೇ 90ಕ್ಕೂ ಹೆಚ್ಚು ಮಾತ್ರೆಯಿಂದ ಬಂದದ್ದಲ್ಲವೆಂದು ತಿಳಿಯಿತು. ನೋವಿನಿಂದ ಮಾತ್ರೆ ಬಿಟ್ಟಿದ್ದವರನ್ನೇ ಸೇರಿಸಿ ಲಂಡನ್ನಿನಲ್ಲಿ ನಡೆಸಿದ ಒಂದು ಸಣ್ಣ ಪ್ರಯೋಗದಲ್ಲಿ, ಔಷಧಿಯೇ ಇಲ್ಲದ ಸಪ್ಪೆ ಮಾತ್ರೆ ನುಂಗಿದ ತಿಂಗಳುಗಳಲ್ಲೂ ಅವರಿಗೆ ಹೆಚ್ಚುಕಡಿಮೆ ಅಷ್ಟೇ ನೋವು ಕಾಣಿಸಿತು. ನಿಜವಾದ ಅಡ್ಡಪರಿಣಾಮ ಒಂದಿದೆ, ಮುಚ್ಚಿಡಬಾರದು: ಶುಗರ್ ಗಡಿಯಲ್ಲಿ ಇರುವವರಿಗೆ ಅದು ತುಸು ಬೇಗ ಗಡಿ ದಾಟಬಹುದು. ಹೃದಯಕ್ಕಾಗುವ ಲಾಭ ಅದಕ್ಕಿಂತ ದೊಡ್ಡದು. ಬಸುರಿಯರಿಗೆ, ಮಗು ಬಯಸುವ ಹೆಂಗಸರಿಗೆ ಸಾಮಾನ್ಯವಾಗಿ ಇದನ್ನು ಕೊಡುವುದಿಲ್ಲ. ಅಂಗಡಿಯಿಂದ ತಾವೇ ಕೊಂಡು ನುಂಗುವ ಮಾತ್ರೆ ಇದಲ್ಲ ಎನ್ನಲು ಇಷ್ಟು ಸಾಕು.

ಎರಡನೆಯದು, 'ಒಮ್ಮೆ ಹಿಡಿದರೆ ಸಾಯೋ ತನಕ ಬಿಡಂಗಿಲ್ಲ' ಎಂಬ ಭಯ. ಹೌದು, ಬಹುತೇಕರಿಗೆ ಬಿಡುವಂತಿಲ್ಲ. ಆದರೆ ಅದು ಚಟವಲ್ಲ. ಚಾಳೀಸು ಹಾಕಿಕೊಂಡವರು ಓದಲು ಬರುತ್ತದೆಂದು ಮರುದಿನ ಅದನ್ನು ಎತ್ತಿಡುವುದಿಲ್ಲ. ಆದರೂ ಈ ಸೀಮೆಯಲ್ಲಿ ದಿನನಿತ್ಯ ನಡೆಯುವ ತಪ್ಪು ಇದೇ: ಮೂರು ತಿಂಗಳು ನುಂಗಿ, ರಿಪೋರ್ಟು ನಾರ್ಮಲ್ ಬಂದೊಡನೆ ಮಾತ್ರೆಗೆ ವಿದಾಯ. ನಾರ್ಮಲ್ ಆದದ್ದೇ ಮಾತ್ರೆಯಿಂದ; ಬಿಟ್ಟರೆ ಕೆಲವೇ ವಾರಗಳಲ್ಲಿ ಎಲ್‌ಡಿಎಲ್ ಹಳೆಯ ಜಾಗಕ್ಕೇ ಬಂದು ಕೂರುತ್ತದೆ. ಸ್ಟೆಂಟ್ ಹಾಕಿಸಿಕೊಂಡು ಬಂದವರೂ ಹೀಗೆ ಬಿಡುತ್ತಾರೆ. ಲಕ್ಷಗಟ್ಟಲೆ ಖರ್ಚಿನ ಚಿಕಿತ್ಸೆ ಪಡೆದು, ದಿನಕ್ಕೆ ಒಂದು ಚಹಾದಷ್ಟೂ ಬೆಲೆಯಿಲ್ಲದ ಮಾತ್ರೆ ಬಿಡುವುದಕ್ಕೆ ರೋಗಿಯೊಬ್ಬನನ್ನೇ ಬಯ್ಯುವುದು ಸರಿಯಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಹತ್ತು ಔಷಧಿ ಇಂಗ್ಲಿಷಿನಲ್ಲಿ ಬರೆದು ಕಳಿಸುತ್ತಾರೆ, ಯಾವುದು ಹತ್ತು ದಿನಕ್ಕೆ, ಯಾವುದು ಕೊನೆತನಕ ಎಂದು ಕನ್ನಡದಲ್ಲಿ ಹೇಳುವವರಿಲ್ಲ.

'ನಮ್ಮ ಹಿರಿಯರು ತುಪ್ಪ ಸುರಿದುಕೊಂಡು ಉಂಡರು, ತೊಂಬತ್ತು ಬದುಕಿದರು' ಎಂಬುದು ಕಟ್ಟೆಯ ಮೇಲಿನ ವಾದ, ಕೇಳಲು ಚೆಂದ. ತೊಂಬತ್ತು ಬದುಕಿದ ಅಜ್ಜನನ್ನು ಊರು ನೆನಪಿಟ್ಟುಕೊಳ್ಳುತ್ತದೆ, ಐವತ್ತಕ್ಕೆ ಕುಂತಲ್ಲೇ ಹೋದ ಅವರ ತಮ್ಮನ ಕಾಯಿಲೆಗೆ ಆಗ ಹೆಸರೂ ಇರಲಿಲ್ಲ. ತುಪ್ಪ ಸುರಿದುಕೊಳ್ಳುವಷ್ಟು ಕರಾವು ಎಷ್ಟು ಮನೆಗಳಲ್ಲಿತ್ತು ಎಂದೂ ಕೇಳಬೇಕು. ಉಂಡವರು ಬೆಳಗಿನಿಂದ ಕತ್ತಲವರೆಗೆ ಕುಂಟೆ, ಮಡಿಕೆಯ ಹಿಂದೆ ನಡೆದರು. ಅವರ ಊಟವನ್ನು ಮಾತ್ರ ಎರವಲು ತಂದು ಅವರ ನಡಿಗೆಯನ್ನು ಬಿಟ್ಟುಬಿಟ್ಟರೆ ಲೆಕ್ಕ ಹೊಂದುವುದಿಲ್ಲ.

ಔಷಧ ಕಂಪನಿಗಳ ಲಾಭಕ್ಕಾಗಿ ಕೊಲೆಸ್ಟ್ರಾಲಿನ ಭಯ ಹಬ್ಬಿಸಿದ್ದಾರೆ ಎಂಬ ಸಂಶಯ ತೀರಾ ಆಧಾರವಿಲ್ಲದ್ದಲ್ಲ. ಔಷಧ ಉದ್ಯಮವನ್ನು ಕಣ್ಣುಮುಚ್ಚಿ ನಂಬಬೇಕಾಗಿಲ್ಲ. ಆದರೆ ಅಟೊರ್ವಾಸ್ಟಾಟಿನ್ ಎಂಬ ಸ್ಟಾಟಿನ್‌ನ ಪೇಟೆಂಟು ಅಮೆರಿಕದಲ್ಲೇ 2011ರಲ್ಲಿ ಮುಗಿಯಿತು, ನಮ್ಮಲ್ಲಿ ಹತ್ತಾರು ಕಂಪನಿಗಳು ಅದನ್ನು ತಯಾರಿಸುತ್ತವೆ, ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಲ್ಲಿರುವುದರಿಂದ ಬೆಲೆಗೂ ಮಿತಿಯಿದೆ, ಜನೌಷಧಿ ಕೇಂದ್ರದಲ್ಲಿ ಇನ್ನೂ ಅಗ್ಗ. ಕೊಬ್ಬು ಕರಗಿಸುತ್ತದೆಂದು ವಾಟ್ಸ್ಆ್ಯಪ್‌ನಲ್ಲಿ ಬರುವ ಪುಡಿಯ ಡಬ್ಬಿಯ ದುಡ್ಡಿನಲ್ಲಿ ಹಲವು ತಿಂಗಳ ಮಾತ್ರೆ ಬರುತ್ತದೆ. ಲಾಭಕೋರರನ್ನು ಹುಡುಕುವವರು ಆ ಡಬ್ಬಿಯ ವಿಳಾಸವನ್ನೂ ಒಮ್ಮೆ ಓದಲಿ.

ಮಾತ್ರೆಯ ಪಕ್ಷದವರಿಗೂ ಒಂದು ಮಾತು ಹೇಳಬೇಕು. 'ಮಾತ್ರೆ ತಗೊಂಡೀನಿ, ಇನ್ನೆರಡು ಮಿರ್ಚಿ ಹಾಕು' ಎನ್ನುವವರಿದ್ದಾರೆ. ಸ್ಟಾಟಿನ್ ಇಳಿಸುವುದು ಮುಖ್ಯವಾಗಿ ಎಲ್‌ಡಿಎಲ್ ಅನ್ನು. ಅನ್ನ, ಸಕ್ಕರೆ, ಹೊಟ್ಟೆಯ ಬೊಜ್ಜಿನಿಂದ ಬರುವ ಟ್ರೈಗ್ಲಿಸರೈಡ್ ಮೇಲೆ ಅದರ ಹಿಡಿತ ಕಡಿಮೆ, ಎಚ್‌ಡಿಎಲ್ ಮೇಲೆ ಇನ್ನೂ ಕಡಿಮೆ. ಬೀಡಿ, ತಂಬಾಕಿನ ಮೇಲೆ ಇಲ್ಲವೇ ಇಲ್ಲ. ನಮ್ಮವರ ರಕ್ತದಲ್ಲಿ ಹೆಚ್ಚಾಗಿ ಕೆಟ್ಟಿರುವುದು ಟ್ರೈಗ್ಲಿಸರೈಡ್, ಎಚ್‌ಡಿಎಲ್‌ಗಳೇ ಆದ್ದರಿಂದ, ಮಾತ್ರೆ ಕೊಟ್ಟು ಊಟದ ಮಾತೆತ್ತದೆ ಕಳಿಸುವ ಡಾಕ್ಟರು ಅರ್ಧ ಚಿಕಿತ್ಸೆ ಮಾಡಿದಂತೆ. ಹೆಂಗಸರ ವಿಷಯದಲ್ಲಂತೂ ಇದಕ್ಕೂ ಮೊದಲ ಹೆಜ್ಜೆಯೇ ತಪ್ಪುತ್ತಿದೆ. ಮುಟ್ಟು ನಿಂತ ಮೇಲೆ ಅವರ ಎಲ್‌ಡಿಎಲ್ ಏರುತ್ತದೆ, ಎದೆನೋವಾದರೆ ಉಪವಾಸದ ಪಿತ್ತವೆಂದು ಮಲಗಿಸುತ್ತಾರೆ, ರಕ್ತ ಪರೀಕ್ಷೆಯ ಸರದಿ ಮನೆಯ ಗಂಡಸರೆಲ್ಲ ಮುಗಿದ ಮೇಲೆ.

ಉಳಿಯುವುದು ಸರ್ಕಾರದ ಆಕ್ಷೇಪ: ಎಲ್ಲರಿಗೂ ಲಿಪಿಡ್ ಪರೀಕ್ಷೆ ಮಾಡಲು ಪ್ರಯೋಗಾಲಯ ಎಲ್ಲಿ, ಸಿಬ್ಬಂದಿ ಎಲ್ಲಿ? ಎಲ್ಲರಿಗೂ ಬೇಡ. ಮನೆಬಾಗಿಲ ತಪಾಸಣೆಯಲ್ಲಿ ಬಿಪಿ, ಶುಗರ್ ಇರುವವರ ಪಟ್ಟಿ ಆರೋಗ್ಯ ಕೇಂದ್ರಗಳಲ್ಲಿ ಈಗಾಗಲೇ ಇದೆ. ಆ ಪಟ್ಟಿಯ ನಲವತ್ತು ದಾಟಿದವರಿಂದ, ಅಪ್ಪ-ಅಣ್ಣಂದಿರು ಚಿಕ್ಕ ವಯಸ್ಸಿಗೇ ಎದೆನೋವಿನಿಂದ ತೀರಿಕೊಂಡ ಮನೆಗಳಿಂದ ಶುರು ಮಾಡಲಿ. ಮೊದಲ ಪರೀಕ್ಷೆಗೆ ಬರಿಹೊಟ್ಟೆ ಕಡ್ಡಾಯವಲ್ಲವೆಂದು 2024ರ ಮಾರ್ಗಸೂಚಿಯೇ ಹೇಳಿರುವುದರಿಂದ, ಸಂತೆಗೋ ಬ್ಯಾಂಕಿಗೋ ತಾಲ್ಲೂಕು ಕೇಂದ್ರಕ್ಕೆ ಉಂಡು ಬಂದವರ ರಕ್ತವನ್ನೂ ತೆಗೆಯಬಹುದು. ಅದೂ ಆಗದ ಹಳ್ಳಿಗೆ ವಿಶ್ವ ಆರೋಗ್ಯ ಸಂಸ್ಥೆಯ 2019ರ ಅಪಾಯದ ಕೋಷ್ಟಕವಿದೆ: ವಯಸ್ಸು, ಗಂಡೋ ಹೆಣ್ಣೋ ಎಂಬುದು, ಬಿಪಿ, ತೂಕ-ಎತ್ತರ, ಬೀಡಿ-ಸಿಗರೇಟು ಇಷ್ಟರಿಂದಲೇ, ರಕ್ತ ತೆಗೆಯದೆ, ಯಾರನ್ನು ಮೊದಲು ಡಾಕ್ಟರ ಬಳಿ ಕಳಿಸಬೇಕೆಂದು ತಿಳಿಯುತ್ತದೆ. ಡಾಕ್ಟರು ಬರೆದುಕೊಟ್ಟ ಅಟೊರ್ವಾಸ್ಟಾಟಿನ್ ಬಿಪಿ ಮಾತ್ರೆಯ ಜೊತೆಗೇ ಮನೆಗೆ ಬರಲಿ, ಹತ್ತು ದಿನಕ್ಕಲ್ಲ, ಕನಿಷ್ಠ ಎರಡು ತಿಂಗಳಿಗಾಗುವಷ್ಟು. ಕೂಲಿ ಬಿಟ್ಟು ಹತ್ತು ದಿನಕ್ಕೊಮ್ಮೆ ಬಸ್ಸು ಹತ್ತಬೇಕಾದರೆ ಯಾರೂ ಹತ್ತುವುದಿಲ್ಲ. ಇನ್ನೊಂದು ಕೆಲಸ ಆರೋಗ್ಯ ಇಲಾಖೆಯದಲ್ಲ, ಆಹಾರ ಇಲಾಖೆಯದು: ಬೆಂಬಲ ಬೆಲೆಯಲ್ಲಿ ಕೊಂಡ ಜೋಳವನ್ನು ಈ ತಾಲ್ಲೂಕುಗಳ ನ್ಯಾಯಬೆಲೆ ಅಂಗಡಿಗಳಿಗೆ ಅಕ್ಕಿಯ ಒಂದು ಪಾಲಿನ ಬದಲು ವರ್ಷವಿಡೀ ಕೊಡುವುದು, ಹುಳು ಹಿಡಿಯುವ ಮೊದಲು.