ಅಪರಾಧಶಾಸ್ತ್ರ ಓದಿದವರಿಗೆ ಕೆಲಸ ಇಲ್ವಂತೆ!

ನಮ್ಮ ರಾಜ್ಯದಲ್ಲಿ ಪಿಎಸ್‌ಐ ಆಗಬೇಕಂದ್ರೆ ಯಾವ ಡಿಗ್ರಿ ಬೇಕು ಗೊತ್ತಾ? ಯಾವುದಾದ್ರೂ ಸಾಕು. ನನ್ನ ಬಿಇ ಕೂಡ ನಡೆಯುತ್ತೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಓದಿ ಬಂದವರೂ ಅದೇ ಸಾಲಿನಲ್ಲಿ ನಿಂತು, ಅದೇ ಜಿಕೆ ಪುಸ್ತಕ ಉರುಹೊಡೀಬೇಕು.

ಹೋಗಲಿ, ಲ್ಯಾಬ್? ಸಿಐಡಿ ಧಾರಾವಾಹಿ ನೋಡಿ ಈ ಕೋರ್ಸ್ ಸೇರುವ ಮಕ್ಕಳಿದ್ದಾರೆ. ವಿಧಿವಿಜ್ಞಾನ ಪ್ರಯೋಗಾಲಯದ ವಿಜ್ಞಾನಿ ಹುದ್ದೆಗೆ ವಿಜ್ಞಾನದ ಪದವಿ ಬೇಕು. ಬಿಎಯಲ್ಲಿ ಕ್ರಿಮಿನಾಲಜಿ ತಗೊಂಡವರಿಗೆ ಆ ಬಾಗಿಲು ತೆರೆಯಲ್ಲ. ಸೀಟು ತುಂಬಿಸಿಕೊಳ್ಳುವ ಕಾಲೇಜುಗಳು ಇದನ್ನು ಅಡ್ಮಿಷನ್ ದಿನವೇ ಹೇಳಬೇಕು.

ಹಾಗಂತ ಇದು ದಂಡದ ಓದು ಅನ್ನಬೇಡಿ. ಕಳ್ಳನನ್ನು ಹಿಡಿಯೋದು ಪೊಲೀಸರ ಕೆಲಸ. ಅವನು ಯಾಕೆ ಕದ್ದ, ಮತ್ತೆ ಕದಿಯದ ಹಾಗೆ ಏನು ಮಾಡಬೇಕು ಅನ್ನೋದು ಅಪರಾಧಶಾಸ್ತ್ರದ ಕೆಲಸ. ಇದಕ್ಕೆ ಕಾನೂನಿನಲ್ಲೇ ಜಾಗ ಇದೆ. ತಪ್ಪು ಮಾಡಿದವನನ್ನು ಜೈಲಿಗೆ ಕಳಿಸದೆ, ಸನ್ನಡತೆಯ ಷರತ್ತಿನ ಮೇಲೆ ಬಿಡಬಹುದು ಅಂತ 1958ರ ಪ್ರೊಬೇಷನ್ ಕಾಯ್ದೆ ಹೇಳುತ್ತದೆ. ಪೊಲೀಸರ ಕೈಗೆ ಸಿಕ್ಕ ಮಗುವಿನ ಮನೆ, ಶಾಲೆ, ಸಹವಾಸ ವಿಚಾರಿಸಿ ಪ್ರೊಬೇಷನ್ ಅಧಿಕಾರಿ ಎರಡು ವಾರದಲ್ಲಿ ವರದಿ ಕೊಡಬೇಕು ಅನ್ನುತ್ತದೆ 2015ರ ಬಾಲನ್ಯಾಯ ಕಾಯ್ದೆ. ಈ ವರದಿಯನ್ನು ಕಾಟಾಚಾರಕ್ಕೆ ಬರೆದರೆ ಹಾಳಾಗೋದು ಒಂದು ಮಗುವಿನ ಬದುಕು.

ಎನ್‌ಸಿಆರ್‌ಬಿ ಪ್ರಕಾರ 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದ್ರೆ ನಾಲ್ವರಲ್ಲಿ ಮೂವರ ಅಪರಾಧ ಇನ್ನೂ ಸಾಬೀತಾಗಿಲ್ಲ. ಇವರಲ್ಲಿ ಜಾಮೀನು ಸಿಕ್ಕರೂ ಹೊರಗೆ ಬರಲಾಗದವರಿದ್ದಾರೆ. ಶ್ಯೂರಿಟಿಗೆ ಪಹಣಿ ಇರೋರನ್ನ ಹುಡುಕಿ ಕೋರ್ಟಿಗೆ ಕರೆತರೋದು ಎಷ್ಟು ಕಷ್ಟ ಅಂತ ಹಳ್ಳಿಯಲ್ಲಿ ಬೆಳೆದ ನನ್ನಂಥವರಿಗೆ ಗೊತ್ತು. ಇಂಥವರ ಪಕ್ಕ ಕೂತು, ಮನೆಯವರನ್ನು ಪತ್ತೆ ಮಾಡಿ, ಕಾಗದ ಹೊಂದಿಸೋಕೆ ಓದಿದವರು ಬೇಡವಾ?

ಆಫೀಸಲ್ಲಿ ಸರ್ವರ್ ಅರ್ಧ ಗಂಟೆ ಬಿದ್ರೆ ಮೂಲ ಕಾರಣ ಹುಡುಕೋಕೆ ಮೂರು ಮೀಟಿಂಗ್ ಮಾಡ್ತೀವಿ. ಬಗ್ ಬರೆದವನನ್ನು ಕೂಡಿಹಾಕಿ ಕೆಲಸ ಮುಗೀತು ಅನ್ನಲ್ಲ. ಮನುಷ್ಯರ ವಿಷಯಕ್ಕೆ ಬಂದ್ರೆ ಮಾತ್ರ "ಒಳಗೆ ಹಾಕಿ ಸಾರ್" ಅಂತೀವಿ.

ಈ ಓದು ಮುಗಿಸಿದ ಜಾಣರು ಬ್ಯಾಂಕುಗಳ ವಂಚನೆ ತಡೆ ವಿಭಾಗಕ್ಕೋ ಸೈಬರ್ ಸೆಕ್ಯೂರಿಟಿ ಕಂಪನಿಗೋ ಹೋಗ್ತಾರೆ. ಹೋಗಲಿ, ಹೊಟ್ಟೆಪಾಡು. ಸರ್ಕಾರ ಕರೆದಿದ್ದರೆ ತಾನೇ! ಮನಸ್ಸು ಮಾಡಿದರೆ ಕಾನೂನು ಕೆಲಸ ಹುಟ್ಟಿಸುತ್ತದೆ. 2024ರ ಜುಲೈ 1ರಂದು ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯನ್ನೇ ನೋಡಿ. 7 ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧ ನಡೆದಲ್ಲಿಗೆ ವಿಧಿವಿಜ್ಞಾನ ತಜ್ಞರು ಹೋಗಲೇಬೇಕು. ಇದನ್ನು ಜಾರಿ ಮಾಡಲು ರಾಜ್ಯಗಳಿಗೆ 5 ವರ್ಷ ಗಡುವು. ರಕ್ತದ ಕಲೆಗೆ ಕೊಟ್ಟ ಬೆಲೆಯನ್ನು ಜೈಲಿನೊಳಗಿರುವ ಮನುಷ್ಯನಿಗೂ ಕೊಡಲಿ. ಪಿಎಸ್‌ಐ ನೇಮಕದಲ್ಲಿ ಈ ಓದಿಗೆ ಅಂಕ ಇರಲಿ. ಪ್ರೊಬೇಷನ್, ಜೈಲು ಕಲ್ಯಾಣದ ಹುದ್ದೆಗಳಲ್ಲಿ ಮೊದಲ ಆದ್ಯತೆ ಇರಲಿ.

ನಿಮ್ಮ ಮನೆ ಹುಡುಗಿ ಇದನ್ನು ಓದ್ತೀನಿ ಅಂದ್ರೆ ಕೆಲಸ ಎಲ್ಲಿದೆ ಅಂತ ಅವಳನ್ನ ಕೇಳಬೇಡಿ. ವೋಟು ಕೇಳೋಕೆ ಬರ್ತಾರಲ್ಲ, ಅವರನ್ನ ಕೇಳಿ.